ರಾತ್ರಿ ಪಾಳಿಗೆ ಎಷ್ಟು ಜನ? ವೃದ್ಧಾಶ್ರಮಗಳು ಮತ್ತು ಡಿಜಿಟಲ್ ತಂತ್ರಜ್ಞಾನ



‘ಮುಪ್ಪು ಮತ್ತು ತಂತ್ರಜ್ಞಾನ’ದ ಬಗ್ಗೆ ಮಾತಾಡಿ ಎಂದು ಸಂಘಟಕರು ಕೇಳಿದರು. ವಿಷಯ ತುಂಬ ಅಗಲವಾಯಿತು, ಸ್ವಲ್ಪ ಕಿರಿದು ಮಾಡಿಕೊಳ್ಳುತ್ತೇನೆ ಎಂದು ಅವರ ಒಪ್ಪಿಗೆ ಪಡೆದೆ. ಮನೆಯಲ್ಲಿ ಮಕ್ಕಳ ಜೊತೆ ಇರುವ ಹಿರಿಯರ ಕತೆ ಬೇರೆ. ಇವತ್ತು ನಾನು ಹೇಳಹೊರಟಿರುವುದು ವೃದ್ಧಾಶ್ರಮದಲ್ಲೋ ಮರೆವಿನ ಕಾಯಿಲೆಯವರ ಆರೈಕೆ ಕೇಂದ್ರದಲ್ಲೋ ಇರುವವರ ಬಗ್ಗೆ, ಅವರನ್ನು ನೋಡಿಕೊಳ್ಳುವವರ ಬಗ್ಗೆ. ನಾನು ವೈದ್ಯೆ. ಇಂಥ ಮನೆಗಳಿಗೆ ಬಹಳ ವರ್ಷಗಳಿಂದ ಹೋಗಿಬರುತ್ತಿದ್ದೇನೆ. ಕಂಪ್ಯೂಟರ್ ನನ್ನ ವಿದ್ಯೆಯಲ್ಲ. ಹಾಗಾಗಿ ಹೊಸ ಯಂತ್ರ ಬಂದಾಗ ನಾನು ನೋಡುವುದು ಒಂದನ್ನೇ: ಅದು ಬಂದ ಮೇಲೆ ಹಾಸಿಗೆಯ ಪಕ್ಕದಲ್ಲಿ ಏನು ಬದಲಾಯಿತು?

ಲೆಕ್ಕವನ್ನು ಮೊದಲೇ ಹೇಳಿ ಮುಗಿಸುತ್ತೇನೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅರವತ್ತು ದಾಟಿದವರು ಸುಮಾರು 10.4 ಕೋಟಿ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2023ರಲ್ಲಿ ಹೊರತಂದ ವರದಿಯ ಪ್ರಕಾರ 2022ರ ಹೊತ್ತಿಗೆ ಅದು 14.9 ಕೋಟಿಗೆ ಏರಿತ್ತು. 2050ಕ್ಕೆ 34.7 ಕೋಟಿ ಆಗಲಿದೆ, ಅಂದರೆ ಐದು ಜನರಲ್ಲಿ ಒಬ್ಬರು. ಅರವತ್ತು ದಾಟಿದವರಲ್ಲಿ ಶೇ 7.4 ಮಂದಿಗೆ, ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆಯೆಂದು ದೇಶಮಟ್ಟದ ಅಧ್ಯಯನವೊಂದು ಅಂದಾಜು ಮಾಡಿದೆ. ಪ್ರತಿ ಜಿಲ್ಲೆಯಲ್ಲೂ ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಜಾಗವಿರುವ ಒಂದು ವೃದ್ಧಾಶ್ರಮ ಎಂಬ ಮಾತು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 19ನೇ ಕಲಮಿನಲ್ಲಿದೆ. ಕಾಯ್ದೆಯ ಮಾತು ಅಲ್ಲಿಗಿರಲಿ. ನಮ್ಮ ಊರುಗಳಲ್ಲಿ ಇರುವುದು ಮಠಗಳು, ಚರ್ಚುಗಳು, ಟ್ರಸ್ಟುಗಳು ನಡೆಸುವ ಆಶ್ರಮಗಳು. ಜೊತೆಗೆ ದೊಡ್ಡ ನಗರಗಳಲ್ಲಿ ಈಚೆಗೆ ಎದ್ದಿರುವ ತಿಂಗಳ ಶುಲ್ಕದ ಆರೈಕೆ ಕೇಂದ್ರಗಳು.

ಈ ಹೊಸ ಕೇಂದ್ರಗಳ ಜಾಹೀರಾತನ್ನು ಗಮನಿಸಿ. ಇಪ್ಪತ್ತನಾಲ್ಕು ಗಂಟೆ ಸಿಸಿಟಿವಿ, ನಿಮ್ಮ ಮೊಬೈಲಿನಲ್ಲೇ ಲೈವ್ ನೋಡಿ, ಪ್ರತಿದಿನ ವಾಟ್ಸ್ಆಪ್ ಅಪ್‌ಡೇಟ್. ಇದನ್ನು ಓದುವವರು ಯಾರು? ಒಳಗೆ ಮಲಗುವವರಲ್ಲ. ದೂರದಲ್ಲಿ ಕುಳಿತು ಹಣ ಕಳಿಸುವ ಮಗನೋ ಮಗಳೋ. ಅವರ ಆತಂಕ ಸುಳ್ಳಲ್ಲ, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಆಶ್ರಮಗಳಿಗೆ ಮೊದಲು ಬಂದ ತಂತ್ರಜ್ಞಾನ ಆ ಆತಂಕವನ್ನು ನೋಡಿಯೇ ಬಂದಿದೆ. ರಾತ್ರಿ ಎರಡು ಗಂಟೆಗೆ ಹಾಸಿಗೆ ಒದ್ದೆ ಮಾಡಿಕೊಂಡ ಅಜ್ಜಿಯನ್ನಾಗಲಿ, ಅವರ ಬಟ್ಟೆ ಬದಲಿಸುವ ಆಯಾಳನ್ನಾಗಲಿ ಕಣ್ಣ ಮುಂದೆ ಇಟ್ಟುಕೊಂಡು ಬಂದದ್ದಲ್ಲ. ನನ್ನ ಇಡೀ ಉಪನ್ಯಾಸದ ತಕರಾರು ಇಷ್ಟೇ.

ಒಂದು ಸಣ್ಣ ಗಣಿತ ಮಾಡೋಣ. ಮೂವತ್ತು ಮಂದಿ ಇರುವ ಒಂದು ಮನೆ. ಅದರಲ್ಲಿ ಐದು ಮಂದಿ ಹಾಸಿಗೆ ಹಿಡಿದವರು. ಬೆನ್ನು ಹುಣ್ಣಾಗದಿರಬೇಕಾದರೆ ಇಂಥವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ರಾತ್ರಿ ಎಂಟರಿಂದ ಬೆಳಿಗ್ಗೆ ಆರರವರೆಗಿನ ಪಾಳಿಯಲ್ಲಿ ಒಬ್ಬೊಬ್ಬರಿಗೆ ಐದು ಸಲ, ಒಟ್ಟು ಇಪ್ಪತ್ತೈದು ಸಲ. ಮೈಭಾರದವರಾದರೆ ಒಬ್ಬರ ಕೈಯಲ್ಲಿ ಆಗದ ಕೆಲಸ. ಇದರ ನಡುವೆ ಡಯಪರ್ ಬದಲಿಸುವುದು, ಬಾತ್‌ರೂಮಿಗೆ ಕರೆದುಕೊಂಡು ಹೋಗುವುದು, ‘ನನ್ನ ಮಗ ಬಂದ, ಬಾಗಿಲು ತೆಗಿ’ ಎಂದು ಎದ್ದು ಓಡಾಡುವ ಅಜ್ಜನನ್ನು ಸಮಾಧಾನ ಮಾಡುವುದು. ಇಷ್ಟಕ್ಕೂ ಎಷ್ಟೋ ಕಡೆ ಒಬ್ಬಳೇ ಆಯಾ. ಆ ಮನೆಯಲ್ಲಿ ಎಂಟು ಕ್ಯಾಮೆರಾ ಇದ್ದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದೇ ನಾನು ಹೇಳುತ್ತೇನೆ. ಅಜ್ಜ ಬಿದ್ದದ್ದು ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ದಾಖಲಾಗಿರುತ್ತದೆ. ಬೀಳದ ಹಾಗೆ ಹಿಡಿದುಕೊಳ್ಳಲು ಕೈ ಇರುವುದಿಲ್ಲ.

ಹಾಗಾದರೆ ತಂತ್ರಜ್ಞಾನ ಬೇಡವೇ? ಬೇಕು, ತುಂಬ ಬೇಕು. ಆದರೆ ಅದು ಉಳಿಸಿಕೊಟ್ಟ ಹತ್ತು ನಿಮಿಷ ಎಲ್ಲಿ ಹೋಯಿತು ಎಂದು ಪ್ರತಿ ಸಲವೂ ಕೇಳಬೇಕು.

ಎಲ್ಲರಿಗೂ ಗೊತ್ತಿರುವ ವಿಡಿಯೊ ಕಾಲ್‌ನಿಂದ ಶುರುಮಾಡುತ್ತೇನೆ. ಕೋವಿಡ್ ಕಾಲದಲ್ಲಿ ಆಶ್ರಮಗಳ ಗೇಟು ಮುಚ್ಚಿದಾಗ ಒಳಗಿನವರಿಗೂ ಹೊರಗಿನವರಿಗೂ ಉಳಿದಿದ್ದ ಕಿಟಕಿ ಅದೊಂದೇ. ಇಂಗ್ಲೆಂಡಿನಲ್ಲಿ ಆರೈಕೆ ಮನೆಗಳ ಸ್ಥಿತಿ ಭಯಾನಕ ರೂಪ ತಾಳಿತು. 2020ರ ಮಾರ್ಚ್ 2ರಿಂದ ಜೂನ್ 12ರ ನಡುವೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಆರೈಕೆ ಮನೆಗಳ ನಿವಾಸಿಗಳಲ್ಲಿ 19,394 ಮಂದಿ ಕೋವಿಡ್‌ಗೆ ಬಲಿಯಾದರೆಂದು ಅಲ್ಲಿನ ರಾಷ್ಟ್ರೀಯ ಅಂಕಿಅಂಶ ಕಚೇರಿ ಲೆಕ್ಕ ಕೊಟ್ಟಿತು. ಅಷ್ಟು ಮುಂದುವರಿದ ದೇಶದಲ್ಲೂ ಎಷ್ಟೋ ಆರೈಕೆ ಮನೆಗಳಿಗೆ ಆಸ್ಪತ್ರೆಯೊಂದಿಗೆ ರೋಗಿಯ ಮಾಹಿತಿಯನ್ನು ಸುರಕ್ಷಿತವಾಗಿ ಹಂಚಿಕೊಳ್ಳುವ ಇಮೇಲ್ ವಿಳಾಸ ಕೂಡ ಇರಲಿಲ್ಲವೆಂಬುದು ಆಗ ಬಯಲಾಯಿತು. ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ತನ್ನ ಇಮೇಲನ್ನು ತರಾತುರಿಯಲ್ಲಿ ಅವರಿಗೆ ತೆರೆದುಕೊಟ್ಟಿತು. ಅದೇ ವರ್ಷದ ಕೊನೆಯ ಹೊತ್ತಿಗೆ 11,000 ಐಪ್ಯಾಡ್‌ಗಳನ್ನು ಆರೈಕೆ ಮನೆಗಳಿಗೆ ಕೊಡುವ ಯೋಜನೆಯೂ ಬಂತು. ವೈದ್ಯರು ದೂರದಿಂದಲೇ ನೋಡಬೇಕು, ಮಕ್ಕಳು ಮಾತಾಡಬೇಕು ಎಂಬ ಉದ್ದೇಶ ಒಳ್ಳೆಯದೇ.

ಆದರೆ ಫೋನನ್ನು ಹಿಡಿದುಕೊಳ್ಳುವವರು ಯಾರು? ಎಂಬತ್ತು ದಾಟಿದವರ ಬೆರಳಿನ ತುದಿ ಒಣಗಿರುತ್ತದೆ, ಟಚ್‌ಸ್ಕ್ರೀನ್ ಎಷ್ಟೋ ಸಲ ಅದನ್ನು ಗುರುತಿಸುವುದಿಲ್ಲ. ಕೈ ನಡುಗಿದರೆ ಒಂದು ಸಲ ಒತ್ತಿದ್ದು ಮೂರು ಸಲ ಒತ್ತಿದಂತಾಗಿ ಕರೆಯೇ ಕಟ್ಟಾಗುತ್ತದೆ. ಕಿವಿಯದು ಇನ್ನೊಂದು ಕತೆ. ವಯಸ್ಸಾದಂತೆ ಮೊದಲು ಹೋಗುವುದು ಎತ್ತರದ ಸ್ಥಾಯಿಯ ಶಬ್ದಗಳು. ಅಂದರೆ ಸ, ಶ, ತ, ಕ ಮುಂತಾದ ವ್ಯಂಜನಗಳು ಮಸುಕಾಗುತ್ತವೆ, ಸ್ವರಗಳು ಉಳಿಯುತ್ತವೆ. ಹಳೆಯ ಟೆಲಿಫೋನ್ ಜಾಲ ಸಾಗಿಸುತ್ತಿದ್ದುದೇ 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿ. ಇವತ್ತಿನ ವಿಡಿಯೊ ಕಾಲ್‌ನಲ್ಲಿ ಧ್ವನಿ ಅದಕ್ಕಿಂತ ಚೆನ್ನಾಗಿ ಬಂದರೂ ಫೋನಿನ ಪುಟ್ಟ ಸ್ಪೀಕರ್ ಅದನ್ನು ಹಾಳು ಮಾಡುತ್ತದೆ. ಹಿಂದೆ ಟಿವಿ ಓಡುತ್ತಿರುತ್ತದೆ, ಫ್ಯಾನ್ ತಿರುಗುತ್ತಿರುತ್ತದೆ. ಅಜ್ಜಿ ಎಲ್ಲದಕ್ಕೂ ‘ಹೂಂ, ಹೂಂ’ ಅನ್ನುತ್ತಾರೆ. ಅಮೆರಿಕದಲ್ಲಿರುವ ಮಗಳಿಗೆ ‘ಅಮ್ಮ ಖುಷಿಯಾಗಿದ್ದಾಳೆ’ ಅನ್ನಿಸುತ್ತದೆ. ಅಮ್ಮನಿಗೆ ಒಂದು ಮಾತೂ ತಿಳಿದಿರುವುದಿಲ್ಲ. ಇದಕ್ಕೆ ದುಬಾರಿ ಟ್ಯಾಬ್ ಬೇಕಿಲ್ಲ. ಕಿವಿ ತುಂಬ ಮುಚ್ಚುವ ಒಂದು ಸಾಧಾರಣ ಹೆಡ್‌ಫೋನ್, ಫೋನ್ ನಿಲ್ಲಿಸುವ ಒಂದು ಸ್ಟ್ಯಾಂಡ್, ಟಿವಿ ಆರಿಸಿದ ಒಂದು ಕೋಣೆ ಸಾಕು. ನಾರ್ವೆಯ ಕಂಪನಿಯೊಂದು ಹಿರಿಯರಿಗಾಗಿ ಕಾಂಪ್ ಎಂಬ ಪರದೆ ಮಾಡಿದೆ. ಅದಕ್ಕೆ ಹಳೆಯ ರೇಡಿಯೊದಂತೆ ಒಂದೇ ಒಂದು ತಿರುಗಣಿ. ಸ್ಕ್ರೀನ್ ಮುಟ್ಟಬೇಕಿಲ್ಲ. ಇಂಥದ್ದನ್ನು ಮಾಡಿದವರು ಮುದುಕರ ಕೈಯನ್ನು ನೋಡಿದ್ದಾರೆ ಎಂದು ನನಗೆ ಮೆಚ್ಚುಗೆ.

ಇದಕ್ಕೇ ಸೇರಿದ ಇನ್ನೊಂದು ವಿಷಯವಿದೆ, ನಗು ತರಿಸುವಂಥದ್ದು. ಕ್ಯಾಲಿಫೋರ್ನಿಯಾದಲ್ಲಿರುವ ಮಗ ಸಂಜೆ ಏಳಕ್ಕೆ ಕೆಲಸ ಮುಗಿಸಿ ಕರೆ ಮಾಡಿದರೆ ಇಲ್ಲಿ ಬೆಳಿಗ್ಗೆ ಏಳೂವರೆ. ತಿಂಡಿಗೆ ಮೊದಲು ಅಮ್ಮ ತಲೆ ಬಾಚಿಸಿಕೊಂಡು ಕಾದಿರುತ್ತಾರೆ. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಹಾಕುತ್ತಾರೆ. ಅವತ್ತಿನಿಂದ ಅವನ ಸಂಜೆ ಏಳು ಅಂದರೆ ಇಲ್ಲಿ ಎಂಟೂವರೆ. ಮಗನ ಫೋನು ತಾನೇ ಸಮಯ ಬದಲಿಸಿಕೊಳ್ಳುತ್ತದೆ, ಅವನಿಗೆ ಇದು ಹೊಳೆಯುವುದೇ ಇಲ್ಲ. ಇಲ್ಲಿ ಅಮ್ಮ ಒಂದು ಗಂಟೆ ಫೋನ್ ನೋಡುತ್ತ ಕೂರುತ್ತಾರೆ, ತಿಂಡಿ ಆರುತ್ತದೆ, ‘ಏನೋ ಆಗಿದೆ’ ಎಂದು ಬಿಪಿ ಏರುತ್ತದೆ. ವಿದೇಶದಲ್ಲಿ ಮಕ್ಕಳಿರುವ ಈ ಸಭೆಯ ಹಿರಿಯರು ತಲೆಯಾಡಿಸುತ್ತಿದ್ದೀರಿ. ಆಶ್ರಮದ ಗೋಡೆಯ ಕ್ಯಾಲೆಂಡರಿನಲ್ಲಿ ನವೆಂಬರಿಗೊಂದು, ಮಾರ್ಚಿಗೊಂದು ಗುರುತು ಹಾಕಿಡಿ. ಅದಕ್ಕೆ ಯಾವ ಆಪ್ ಕೂಡ ಬೇಡ.

ಈಗ ನನ್ನ ಮನಸ್ಸಿಗೆ ತೀರ ಹತ್ತಿರವಾದ ವಿಷಯಕ್ಕೆ ಬರುತ್ತೇನೆ, ರಿಜಿಸ್ಟರ್ ಪುಸ್ತಕಕ್ಕೆ. ಪ್ರತಿ ಆಶ್ರಮದಲ್ಲೂ ಉದ್ದದ ನೋಟುಪುಸ್ತಕವೊಂದು ಇರುತ್ತದೆ. ಬಿಪಿ, ಶುಗರ್, ಮಲ ವಿಸರ್ಜನೆ ಆಯಿತೇ ಇಲ್ಲವೇ, ಊಟ ಎಷ್ಟು, ಯಾವ ಮಾತ್ರೆ ಕೊಟ್ಟೆವು. ಪಾಳಿ ಬದಲಾಗುವಾಗ ಒಬ್ಬರು ಇನ್ನೊಬ್ಬರಿಗೆ ಬಾಯಲ್ಲಿ ಹೇಳಿ, ಪುಸ್ತಕಕ್ಕೆ ಸಹಿ ಹಾಕಿ ಹೋಗುತ್ತಾರೆ. ಸಂಜೆ ಆರು ಗಂಟೆಗೆ ಕುಳಿತು ಇಡೀ ದಿನದ್ದನ್ನು ಒಂದೇ ಪೆನ್ನಿನಲ್ಲಿ ಒಂದೇ ಸಮ ಬರೆದಿರುವುದನ್ನೂ ನೋಡಿದ್ದೇನೆ: ಮೂವತ್ತು ಜನರಿಗೂ 120/80. ಅಂಥ ಆರೋಗ್ಯ ಈ ಸಭಾಂಗಣದಲ್ಲೂ ಇರಲಾರದು. ಬರೆದವಳನ್ನು ನಾನು ಬೈಯುವುದಿಲ್ಲ. ಬಿಪಿ ನೋಡಲು ಅವಳಿಗೆ ಪುರುಸೊತ್ತಿರಲಿಲ್ಲ, ಬರೆಯಲೇಬೇಕೆಂಬ ಕಟ್ಟುಪಾಡು ಇತ್ತು.

ಮಾತ್ರೆಯ ವಿಷಯವಂತೂ ಗಂಭೀರ. ಇಂಗ್ಲೆಂಡಿನಲ್ಲಿ 55 ಆರೈಕೆ ಮನೆಗಳ 256 ನಿವಾಸಿಗಳನ್ನು ಆರಿಸಿ ನಡೆಸಿದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಒಬ್ಬೊಬ್ಬರು ಸರಾಸರಿ ಎಂಟು ಔಷಧ ತೆಗೆದುಕೊಳ್ಳುತ್ತಿದ್ದರು. ಸುಮಾರು ಶೇ 70 ಮಂದಿಯ ವಿಷಯದಲ್ಲಿ ಒಂದಲ್ಲ ಒಂದು ತಪ್ಪು ಕಂಡುಬಂತು. ವೈದ್ಯರು ಬರೆದದ್ದರಲ್ಲಿ, ಅಂಗಡಿಯವರು ಕೊಟ್ಟದ್ದರಲ್ಲಿ, ಸಿಬ್ಬಂದಿ ನುಂಗಿಸಿದ್ದರಲ್ಲಿ, ಆಮೇಲೆ ಗಮನಿಸಬೇಕಾದದ್ದನ್ನು ಗಮನಿಸದಿದ್ದರಲ್ಲಿ. ತರಬೇತಾದ ಸಿಬ್ಬಂದಿ, ತಪಾಸಣೆ ಮಾಡುವ ಸರ್ಕಾರಿ ಆಯೋಗ ಎಲ್ಲ ಇರುವ ದೇಶದಲ್ಲಿ ಇದು. ನಮ್ಮ ಮೂವತ್ತು ಮಂದಿಯ ಮನೆಗೆ ಇದೇ ಲೆಕ್ಕ ಹಾಕಿದರೆ ದಿನಕ್ಕೆ ಕಡಿಮೆಯೆಂದರೂ 240 ಮಾತ್ರೆ, ವರ್ಷಕ್ಕೆ 87,600. ಒಂದೇ ಔಷಧವನ್ನು ಎರಡು ಬೇರೆ ಕಂಪನಿಯ ಹೆಸರಿನಲ್ಲಿ ಇಬ್ಬರು ವೈದ್ಯರು ಬರೆದು ಎರಡನ್ನೂ ನುಂಗಿಸುವುದು ನಮ್ಮಲ್ಲಿ ದಿನನಿತ್ಯದ ಸಂಗತಿ. ಇಲ್ಲಿ ಕಂಪ್ಯೂಟರ್ ನಿಜಕ್ಕೂ ಕೈಹಿಡಿಯುತ್ತದೆ. ಚೀಟಿಯ ಫೋಟೊ, ಮಾತ್ರೆಯ ಪಟ್ಟಿಯ ಫೋಟೊ, ಅದನ್ನು ನುಂಗಬೇಕಾದವರ ಮುಖದ ಫೋಟೊ, ಮೂರೂ ಒಂದೇ ಪರದೆಯಲ್ಲಿ ಬಂದು, ಕೊಟ್ಟ ಕ್ಷಣದಲ್ಲೇ ಸಮಯ ದಾಖಲಾದರೆ ಸಂಜೆ ಆರು ಗಂಟೆಯ ಸುಳ್ಳು ಬರವಣಿಗೆ ತಪ್ಪುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಎರಡು ಸಲ ಹೋಗುವುದು ತಪ್ಪುತ್ತದೆ. ಬ್ರಿಟಿಷ್ ಸರ್ಕಾರ 2021ರ ಡಿಸೆಂಬರಿನ ಶ್ವೇತಪತ್ರದ ಜೊತೆಗೆ ಹಾಕಿಕೊಂಡ ಗುರಿಯೂ ಇಂಥದ್ದೇ. ಆರೈಕೆ ಸಂಸ್ಥೆಗಳಲ್ಲಿ ಹತ್ತರಲ್ಲಿ ಎಂಟಾದರೂ 2024ರ ಮಾರ್ಚ್ ಹೊತ್ತಿಗೆ ಡಿಜಿಟಲ್ ದಾಖಲೆಗೆ ಬರಬೇಕು ಎಂದು. ಅದಕ್ಕೆ ಸರ್ಕಾರವೇ ಹಣ ಕೊಟ್ಟಿತು. ನಮ್ಮಲ್ಲಿ ಈ ಖರ್ಚು ದಾನಿಗಳ ಜೇಬಿನಿಂದಲೇ ಬರಬೇಕು. ದಾನಿಗಳಿಗೆ ತಮ್ಮ ಹೆಸರು ಕೆತ್ತಿದ ಕಲ್ಲುಬೆಂಚು ಇಷ್ಟವಾದಷ್ಟು ಸಾಫ್ಟ್‌ವೇರ್ ಇಷ್ಟವಾಗುವುದಿಲ್ಲ.

ಆದರೆ ದಾಖಲೆ ಯಾವ ಭಾಷೆಯಲ್ಲಿ? ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಒಳ್ಳೆಯ ಆಯಾ ಬೆಳಿಗ್ಗೆ ನನಗೆ ಹೇಳುವ ಮಾತು ಹೀಗಿರುತ್ತದೆ: ‘ಡಾಕ್ಟರಮ್ಮ, ಆ ಮೂಲೆ ಮಂಚದ ಅಜ್ಜಿ ನಿನ್ನೆಯಿಂದ ಒಂಥರಾ ಇದ್ದಾರೆ.’ ಜ್ವರವಿಲ್ಲ, ಬಿಪಿ ಸರಿಯಿದೆ, ಊಟ ಮಾಡಿದ್ದಾರೆ. ಆದರೂ ಒಂಥರಾ. ವೃದ್ಧರ ವೈದ್ಯಕೀಯ ಗೊತ್ತಿರುವವರು ಈ ಮಾತನ್ನು ತಳ್ಳಿಹಾಕುವುದಿಲ್ಲ. ಎಂಬತ್ತೈದರ ದೇಹದಲ್ಲಿ ಮೂತ್ರದ ಸೋಂಕಾಗಲಿ ನ್ಯುಮೋನಿಯಾ ಆಗಲಿ ಎಷ್ಟೋ ಸಲ ಜ್ವರವಿಲ್ಲದೆಯೇ ಬರುತ್ತದೆ. ಮೊದಲು ಕಾಣುವುದು ನಡವಳಿಕೆಯ ಬದಲಾವಣೆ. ಮಾತಾಡುತ್ತಿದ್ದವರು ಸುಮ್ಮನಾಗುತ್ತಾರೆ, ಸುಮ್ಮನಿದ್ದವರು ಕಿರುಚುತ್ತಾರೆ, ಚಮಚ ಹಿಡಿಯುವ ರೀತಿ ಬದಲಾಗುತ್ತದೆ. ನಮ್ಮ ಮಾರುಕಟ್ಟೆಯಲ್ಲಿ ನಾನು ಕಂಡ ಆರೈಕೆ ಆಪ್‌ಗಳಲ್ಲಿ ಬಿಪಿಗೆ ಒಂದು ಚೌಕ ಇದೆ, ಶುಗರಿಗೆ ಇದೆ, ‘ಒಂಥರಾ’ಕ್ಕೆ ಚೌಕವಿಲ್ಲ. ಪರದೆ ಇಂಗ್ಲಿಷಿನಲ್ಲಿ. ಏಳನೇ ಕ್ಲಾಸು ಓದಿರುವ, ಹತ್ತು ವರ್ಷ ಅನುಭವವಿರುವ ಹೆಂಗಸು ಅದರ ಮುಂದೆ ಕೈಲಾಗದವಳಂತೆ ನಿಲ್ಲುತ್ತಾಳೆ. ಇಂಗ್ಲಿಷ್ ಗೊತ್ತಿರುವ ಹೊಸ ಹುಡುಗನಿಗೆ ಮೊಬೈಲು ಹೋಗುತ್ತದೆ. ಅಜ್ಜಿಯ ಮುಖ ಓದಬಲ್ಲವಳ ಮಾತು ದಾಖಲೆಯಿಂದ ಹೊರಗೇ ಉಳಿಯುತ್ತದೆ.

ಇದಕ್ಕೆ ದಾರಿ ಇದೆ. ಇಂಗ್ಲೆಂಡಿನ ವೈದ್ಯರು 2012ರಲ್ಲಿ ರೂಪಿಸಿ 2017ರಲ್ಲಿ ಪರಿಷ್ಕರಿಸಿದ ಒಂದು ಅಂಕಪದ್ಧತಿ ಇದೆ. ಉಸಿರಿನ ವೇಗ, ರಕ್ತದ ಆಮ್ಲಜನಕ, ಬಿಪಿ, ನಾಡಿ, ಎಚ್ಚರದ ಸ್ಥಿತಿ, ಮೈಬಿಸಿ ಈ ಆರಕ್ಕೂ ಅಂಕ ಕೊಟ್ಟು ಕೂಡಿಸುತ್ತಾರೆ. ರೋಗಿಗೆ ಆಮ್ಲಜನಕ ಕೊಡುತ್ತಿದ್ದರೆ ಇನ್ನೆರಡು ಅಂಕ. ಮೊತ್ತ ಐದಾದರೆ ಬೇಗ ವೈದ್ಯರು ನೋಡಬೇಕು, ಏಳೋ ಅದಕ್ಕಿಂತ ಹೆಚ್ಚೋ ಆದರೆ ತುರ್ತು. ಅಲ್ಲಿನ ಆರೈಕೆ ಮನೆಗಳಿಗೆಂದು ಇದನ್ನೇ ಅಳವಡಿಸಿಕೊಂಡವರು ಅಂಕಗಳಿಗಿಂತ ಮೊದಲು ಮೆತ್ತನೆಯ ಸೂಚನೆಗಳಿಗೂ ಜಾಗ ಕೊಟ್ಟರು. ಅಂದರೆ ನಮ್ಮ ಆಯಾಳ ‘ಒಂಥರಾ’ಕ್ಕೆ. ಅವಳಿಗೆ ಅನುಮಾನ ಬಂದ ಕೂಡಲೇ ಉಳಿದ ಆರನ್ನೂ ಅಳೆಯಬೇಕು. ಬೇಕಾದ ಸಾಮಾನು ಬಿಪಿ ಯಂತ್ರ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್, ಥರ್ಮಾಮೀಟರ್, ಸೆಕೆಂಡಿನ ಮುಳ್ಳಿರುವ ಗಡಿಯಾರ. ಎಲ್ಲ ಸೇರಿ ಒಂದು ಸಾಧಾರಣ ಮೊಬೈಲಿನ ಬೆಲೆಯೊಳಗೆ ಬರುತ್ತದೆ. ಕನ್ನಡದಲ್ಲಿ ಮಾತಾಡಿದ್ದನ್ನು ಅಕ್ಷರಕ್ಕಿಳಿಸುವ ತಂತ್ರ ಇವತ್ತು ಫೋನಿನಲ್ಲೇ ಇದೆ. ಕಲಬುರಗಿಯ ಕನ್ನಡ, ಕುಂದಾಪುರದ ಕನ್ನಡ ಅದಕ್ಕೆ ಇನ್ನೂ ಸರಿಯಾಗಿ ಕಿವಿಗೆ ಬೀಳುವುದಿಲ್ಲ, ನಿಜ. ಹಾಗಿದ್ದರೆ ಧ್ವನಿಯನ್ನೇ ಹಾಗೆಯೇ ಇಟ್ಟುಕೊಳ್ಳಿ. ಅರ್ಧ ನಿಮಿಷದ ಆಯಾಳ ಮಾತು ನನಗೆ ಎರಡು ಪುಟದ ಚಾರ್ಟಿಗಿಂತ ಉಪಯೋಗ.

ಅಂಕ ಆರು ಬಂತು ಅನ್ನಿ, ರಾತ್ರಿ ಎರಡು ಗಂಟೆ. ಯಾರಿಗೆ ಫೋನ್ ಮಾಡುವುದು? ಇದು ನಮ್ಮ ವ್ಯವಸ್ಥೆಯ ದೊಡ್ಡ ಕಂದಕ. ಆಂಬುಲೆನ್ಸ್ ಕರೆಸಿ ಹತ್ತಾರು ಮೈಲಿ ಸಾಗಿಸಿದರೆ ಡಿಮೆನ್ಷಿಯಾ ಇರುವವರಿಗೆ ಆ ಪ್ರಯಾಣವೇ ಒಂದು ಆಘಾತ. ಕರೆಸದಿದ್ದರೆ ಬೆಳಗಾಗುವಷ್ಟರಲ್ಲಿ ಹೊತ್ತು ಮೀರಬಹುದು. ಇಂಗ್ಲೆಂಡಿನ ಯಾರ್ಕ್‌ಶೈರಿನ ಏರ್‌ಡೇಲ್ ಆಸ್ಪತ್ರೆ ಕಳೆದ ದಶಕದ ಆರಂಭದಿಂದ ಆರೈಕೆ ಮನೆಗಳಿಗೆ ವಿಡಿಯೊ ಸೇವೆ ನಡೆಸುತ್ತ ಬಂದಿದೆ. ಅನುಭವಿ ನರ್ಸ್‌ಗಳು ಹಗಲೂ ರಾತ್ರಿಯೂ ಪರದೆಯ ಮುಂದೆ ಇರುತ್ತಾರೆ. ನೋಡಿ, ಮಾತಾಡಿ, ಇಲ್ಲೇ ಇಟ್ಟುಕೊಳ್ಳಬಹುದೇ, ಕಳಿಸಬೇಕೇ ಎಂದು ಹೇಳುತ್ತಾರೆ. ನಮ್ಮಲ್ಲಿ ಇದರ ತುಂಡುಗಳೆಲ್ಲ ಇವೆ. ಮೊಹಾಲಿಯ ಸಿ-ಡ್ಯಾಕ್ ಕಟ್ಟಿದ ಇ-ಸಂಜೀವಿನಿ 2020ರ ಏಪ್ರಿಲ್‌ನಿಂದ ಮನೆಯಲ್ಲಿದ್ದವರಿಗೂ ವೈದ್ಯರನ್ನು ತೋರಿಸುತ್ತಿದೆ. ಮಾನಸಿಕ ಆರೋಗ್ಯಕ್ಕೆ 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್, 14416, ಹಗಲಿರುಳೂ ಇದೆ. ಅದರ ಕೇಂದ್ರಸ್ಥಾನ ನಮ್ಮ ನಿಮ್ಹಾನ್ಸ್. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಇದೆ, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ನಗರ ಪೊಲೀಸರ ಜೊತೆಗೂಡಿ 1090 ಸಹಾಯವಾಣಿಯನ್ನು 2002ರಷ್ಟು ಹಿಂದೆಯೇ ಆರಂಭಿಸಿತ್ತು. ಇಷ್ಟಿದ್ದೂ, ರಾತ್ರಿ ಎರಡು ಗಂಟೆಗೆ ಆಶ್ರಮದ ಆಯಾಳ ಜೊತೆ ಕನ್ನಡದಲ್ಲಿ ಮಾತಾಡಿ, ಪರದೆಯಲ್ಲಿ ಅಜ್ಜಿಯ ಉಸಿರಾಟ ಎಣಿಸಿ ‘ಹೆದರಬೇಡ, ಹೀಗೆ ಮಾಡು’ ಎನ್ನುವ ನರ್ಸ್ ಬೇಕು. ಜಿಲ್ಲಾಸ್ಪತ್ರೆಯಲ್ಲಿ ರಾತ್ರಿಗೆ ಇಬ್ಬರು ನರ್ಸ್‌ಗಳನ್ನು ಇದಕ್ಕೇ ಮೀಸಲಿಟ್ಟರೆ ಇಡೀ ಜಿಲ್ಲೆಯ ಆಶ್ರಮಗಳಿಗೆ ಸಾಕಾಗುತ್ತದೆ. ಇದು ನನ್ನ ಅಂದಾಜು, ತಪ್ಪಿದ್ದರೆ ಮೂವರು ಅನ್ನಿ.

ರೋಬಾಟ್‌ಗಳ ಬಗ್ಗೆ ವಿದ್ಯಾರ್ಥಿಗಳಿಗೆ ಕುತೂಹಲ ಇರುತ್ತದೆ. ಜಪಾನಿನ ತಕನೋರಿ ಶಿಬಾಟ ರೂಪಿಸಿದ ಪಾರೊ ಎಂಬ ಸೀಲ್ ಮರಿಯ ಗೊಂಬೆ 2005ರಿಂದ ಮಾರಾಟದಲ್ಲಿದೆ. ಮೈ ಸವರಿದರೆ ಕಣ್ಣರಳಿಸಿ ದನಿ ಮಾಡುತ್ತದೆ. ಜೇಮ್ಸ್ ರೈಟ್ ಎಂಬ ಸಂಶೋಧಕ ಜಪಾನಿನ ಒಂದು ಆರೈಕೆ ಮನೆಯಲ್ಲಿ ಇದ್ದು ಮೂರು ಬಗೆಯ ರೋಬಾಟ್‌ಗಳ ಬಳಕೆಯನ್ನು ಹತ್ತಿರದಿಂದ ನೋಡಿದರು. 2023ರಲ್ಲಿ ಬಂದ ಅವರ ಪುಸ್ತಕದ ಹೆಸರಿನ ಅರ್ಥವೇ ರೋಬಾಟ್‌ಗಳು ಜಪಾನನ್ನು ಉಳಿಸಲಾರವು ಎಂದು. ಜನರನ್ನು ಎತ್ತಿ ಕೂರಿಸುವ ಯಂತ್ರವನ್ನು ಕೋಣೆಯಿಂದ ಕೋಣೆಗೆ ತಳ್ಳಿಕೊಂಡು ಹೋಗುವುದರಲ್ಲೇ ಹೊತ್ತು ಹೋಗುತ್ತದೆಂದು ಸಿಬ್ಬಂದಿ ಕೆಲವೇ ದಿನಗಳಲ್ಲಿ ಅದನ್ನು ಬಿಟ್ಟರು. ವ್ಯಾಯಾಮ ಹೇಳಿಕೊಡುವ ಪೆಪ್ಪರ್ ಎಂಬ ರೋಬಾಟಿನ ಪಕ್ಕದಲ್ಲಿ ಒಬ್ಬ ಸಿಬ್ಬಂದಿ ನಿಂತು ತಾನೂ ಕೈಕಾಲು ಆಡಿಸಿ ತೋರಿಸಬೇಕಾಯಿತು. ಪಾರೊವನ್ನು ಒಬ್ಬ ನಿವಾಸಿ ಎಷ್ಟು ಹಚ್ಚಿಕೊಂಡರೆಂದರೆ ಅದಿಲ್ಲದೆ ಊಟಕ್ಕೂ ನಿದ್ದೆಗೂ ಒಲ್ಲೆ ಎಂದರು. ಒಟ್ಟಿನಲ್ಲಿ ಕೆಲಸ ಕಡಿಮೆಯಾಗುವ ಬದಲು ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಸೇರಿತು. ನಮ್ಮ ಟ್ರಸ್ಟುಗಳಿಗೆ ಇಂಥ ರೋಬಾಟ್‌ಗಳನ್ನು ಮಾರಲು ಯಾರಾದರೂ ಬಂದರೆ ಈ ಪುಸ್ತಕ ಓದಿದ್ದೀರಾ ಎಂದು ಕೇಳಿ.

ಮತ್ತೆ ಕ್ಯಾಮೆರಾಕ್ಕೆ ಬರುತ್ತೇನೆ. ಮುಂಬಾಗಿಲಿಗೆ, ಮೆಟ್ಟಿಲಿಗೆ, ಅಡುಗೆಮನೆಗೆ ಹಾಕಿ, ನನ್ನ ಅಡ್ಡಿಯಿಲ್ಲ. ಮಲಗುವ ಕೋಣೆಗೆ ಹಾಕುವಾಗ ಆ ಮಂಚದಲ್ಲಿ ಮಲಗುವವರನ್ನು ಕೇಳಿದ್ದೀರಾ? ಬಟ್ಟೆ ಬದಲಿಸುವುದನ್ನು, ಸ್ಪಂಜ್ ಬಾತ್ ಮಾಡಿಸುವುದನ್ನು ಸೊಸೆ, ಅಳಿಯ, ಮೊಮ್ಮಗ ತಮ್ಮ ಫೋನಿನಲ್ಲಿ ನೋಡಬಹುದು ಎಂಬುದು ಆಕೆಗೆ ಗೊತ್ತೇ? ಜೀವಮಾನವಿಡೀ ಸೆರಗು ಸರಿಮಾಡಿಕೊಂಡೇ ಬಾಗಿಲು ತೆರೆದ ಹೆಂಗಸು ಆಕೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯ ಪ್ರಕಾರ ಒಪ್ಪಿಗೆ ಮುಕ್ತವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು. ಒಪ್ಪಿಗೆ ಕೇಳುವ ನೋಟಿಸನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಪಡೆಯುವ ಆಯ್ಕೆಯೂ ಇರಬೇಕು. ಅಂದರೆ ಕನ್ನಡದಲ್ಲಿ ಕೇಳುವುದು ಆಕೆಯ ಹಕ್ಕು. ಅಡ್ಮಿಷನ್ ದಿನ ಮಗ ಸಹಿ ಹಾಕಿದ ಇಂಗ್ಲಿಷ್ ಫಾರಂ ಇದಕ್ಕೆ ಸಾಟಿಯಲ್ಲ. ಹಾಸಿಗೆಯಿಂದ ಎದ್ದರೆ ಸದ್ದು ಮಾಡುವ ಚಾಪೆ, ಬಾಗಿಲು ತೆರೆದರೆ ತಿಳಿಸುವ ಸಣ್ಣ ಸೆನ್ಸರ್, ಇವು ಮಾನ ಕಳೆಯದೆ ಕೆಲಸ ಮಾಡುತ್ತವೆ. ಆದರೆ ರಾತ್ರಿಗೆ ನಲವತ್ತು ಸಲ ಸುಮ್ಮಸುಮ್ಮನೆ ಕೂಗಿದರೆ ಆಯಾ ಅದನ್ನು ಆರಿಸಿಡುತ್ತಾಳೆ. ನಾನಾದರೂ ಆರಿಸುತ್ತೇನೆ.

ಯಂತ್ರವನ್ನು ನಂಬುವ ಮೊದಲು ಕರೆಂಟನ್ನೂ ನೆನೆಯಬೇಕು. ಬ್ರಿಟನ್ನಿನಲ್ಲಿ ಸುಮಾರು 18 ಲಕ್ಷ ಜನ ಕುತ್ತಿಗೆಗೋ ಮಣಿಕಟ್ಟಿಗೋ ಕಟ್ಟಿಕೊಂಡ ಗುಂಡಿ ಒತ್ತಿ ಸಹಾಯ ಕೇಳುವ ವ್ಯವಸ್ಥೆಯನ್ನು ನಂಬಿದ್ದಾರೆ. ಆ ವ್ಯವಸ್ಥೆಯನ್ನು ಕಟ್ಟಿದ್ದು ಹಳೆಯ ತಾಮ್ರದ ಟೆಲಿಫೋನ್ ತಂತಿಯ ಮೇಲೆ. ಕರೆಂಟ್ ಹೋದರೂ ಆ ತಂತಿಯಲ್ಲಿ ಸ್ವಲ್ಪ ವಿದ್ಯುತ್ ಇರುತ್ತಿತ್ತು. ಟೆಲಿಫೋನ್ ಕಂಪನಿಗಳು ಎಲ್ಲವನ್ನೂ ಇಂಟರ್‌ನೆಟ್ಟಿಗೆ ಬದಲಿಸತೊಡಗಿದಾಗ ಕೆಲವರ ಗುಂಡಿ ಕೆಲಸ ಮಾಡಲಿಲ್ಲ. 2023ರ ಡಿಸೆಂಬರಿನಲ್ಲಿ ಬಲವಂತದ ಬದಲಾವಣೆಯನ್ನು ನಿಲ್ಲಿಸಬೇಕಾಯಿತು, ಕೊನೆಯ ಗಡುವು 2027ರ ಜನವರಿಗೆ ಹೋಯಿತು. ನಮ್ಮ ಮಳೆಗಾಲದ ಮಲೆನಾಡಿನ ಆಶ್ರಮಕ್ಕೆ ವೈಫೈ ಕರೆಗಂಟೆ ಹಾಕುವವರು ಇದನ್ನು ತಿಳಿದಿರಲಿ. ತಲೆದಿಂಬಿನ ಪಕ್ಕ ಒಂದು ಹಿತ್ತಾಳೆ ಗಂಟೆಯೂ ಇರಲಿ.

ಇನ್ನು ಸರ್ಕಾರ ತಾನೇ ಮುದುಕರ ಮೇಲೆ ಹೇರಿದ ಡಿಜಿಟಲ್ ಕೆಲಸಗಳು. ಪಿಂಚಣಿದಾರರು ಬದುಕಿದ್ದೇವೆಂದು ಪ್ರತಿವರ್ಷ ನವೆಂಬರಿನಲ್ಲಿ ತೋರಿಸಬೇಕು. 2014ರಲ್ಲಿ ಬಂದ ಜೀವನ್ ಪ್ರಮಾಣ್ ಇದನ್ನು ಬ್ಯಾಂಕಿನ ಸಾಲಿನಿಂದ ಬಿಡಿಸಿತು. ಆದರೆ ಅದು ಬೆರಳಚ್ಚು ಕೇಳುತ್ತಿತ್ತು. ಹೊಲದಲ್ಲಿ, ಅಡುಗೆಮನೆಯಲ್ಲಿ ಸವೆದ ಬೆರಳಿನಲ್ಲಿ ಗೆರೆಗಳೇ ಉಳಿದಿರುವುದಿಲ್ಲ. 2021ರ ನವೆಂಬರಿನಲ್ಲಿ ಮುಖ ತೋರಿಸಿ, ಕಣ್ಣು ಮಿಟುಕಿಸಿ ದೃಢೀಕರಿಸುವ ಅನುಕೂಲ ಬಂತು. ಎಂಬತ್ತು ದಾಟಿದವರಿಗೆ ಅಕ್ಟೋಬರ್ ಒಂದರಿಂದಲೇ ಅವಕಾಶವಿದೆ. ಒಂದು ಬೆಳಿಗ್ಗೆ ಒಬ್ಬ ವಿದ್ಯಾರ್ಥಿ ಒಂದು ಸ್ಮಾರ್ಟ್‌ಫೋನ್ ಹಿಡಿದು ಕುಳಿತರೆ ಇಡೀ ಆಶ್ರಮದ್ದು ಮುಗಿಯುತ್ತದೆ. ಆಟೊ ಖರ್ಚಿಲ್ಲ, ವೀಲ್‌ಚೇರಿನಲ್ಲಿ ಬ್ಯಾಂಕಿನ ಮೆಟ್ಟಿಲು ಹತ್ತಿಸುವುದಿಲ್ಲ. ನನ್ನ ಪ್ರಕಾರ ಈ ದೇಶದಲ್ಲಿ ಹಿರಿಯರಿಗಾಗಿ ಬಂದ ತಂತ್ರಜ್ಞಾನದಲ್ಲಿ ಇದಕ್ಕಿಂತ ಉಪಕಾರಿಯಾದದ್ದು ಕಡಿಮೆ. ಅದೇ ಫೋನಿನಲ್ಲಿ ‘ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ’ ಎಂಬ ಕರೆಯೂ ಬರುತ್ತದೆ. ಸೈಬರ್ ವಂಚನೆಗೆ 1930 ಎಂಬ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಊಟದ ಹಾಲಿನ ಗೋಡೆಗೆ ಅಂಟಿಸಿ.

ಸಂಗೀತದ ಬಗ್ಗೆ ಎರಡು ಮಾತು. ಮರೆವು ಬಂದವರಲ್ಲೂ ಹರೆಯದಲ್ಲಿ ಕೇಳಿದ ಹಾಡು ಬಹಳ ಕಾಲ ಉಳಿಯುತ್ತದೆ. ಸ್ಕಾಟ್ಲೆಂಡಿನಲ್ಲಿ 2013ರಲ್ಲಿ ಹುಟ್ಟಿದ ಒಂದು ಸೇವಾಸಂಸ್ಥೆ ಡಿಮೆನ್ಷಿಯಾ ಇರುವ ಪ್ರತಿಯೊಬ್ಬರಿಗೂ ಅವರದೇ ಹಾಡುಗಳ ಪಟ್ಟಿ ಮಾಡಿಕೊಡುವ ಕೆಲಸ ಮಾಡುತ್ತಿದೆ. ಇವತ್ತು ಎಂಬತ್ತೆರಡರ ಆಸುಪಾಸಿನವರ ಹರೆಯ ಅಂದರೆ ‘ಬೇಡರ ಕಣ್ಣಪ್ಪ’ನಿಂದ ‘ಬಂಗಾರದ ಮನುಷ್ಯ’ನವರೆಗಿನ ಕಾಲ. ಆದರೆ ಸಾಗರದ ಕಡೆಯವರಿಗೆ ಸಿನಿಮಾಕ್ಕಿಂತ ಯಕ್ಷಗಾನದ ಭಾಗವತಿಕೆ ಬೇಕಾಗಬಹುದು, ವಿಜಯಪುರದವರಿಗೆ ಡೊಳ್ಳಿನ ಪದ. ಹಾಲ್‌ನಲ್ಲಿ ಎಲ್ಲರಿಗೂ ಒಂದೇ ಭಕ್ತಿಗೀತೆ ಹಾಕಿ ಬಿಡುವುದು ಸುಲಭ. ಮಕ್ಕಳನ್ನು ಕೇಳಿ ಪಟ್ಟಿ ಮಾಡುವುದಕ್ಕೆ ಒಂದು ಮಧ್ಯಾಹ್ನ ಬೇಕು. ಭಾಷೆಯೂ ಹಾಗೆಯೇ. ಕಾಯಿಲೆ ಮುಂದುವರಿದಂತೆ ಆಮೇಲೆ ಕಲಿತ ಭಾಷೆಗಳು ಜಾರಿ, ತಾಯಿನುಡಿ ಹೆಚ್ಚು ಹೊತ್ತು ನಿಲ್ಲುವುದು ಎಷ್ಟೋ ಮಂದಿಯಲ್ಲಿ ಕಾಣುತ್ತದೆ. ತುಳು ಮಾತಾಡುವ ಅಜ್ಜಿಗೆ ಒಡಿಶಾದಿಂದ ಬಂದ ಹುಡುಗಿ ಆರೈಕೆ ಮಾಡುವ ಕಡೆ, ‘ನೋವಿದೆಯೇ, ನೀರು ಬೇಕೇ, ಬಾತ್‌ರೂಮಿಗೆ ಹೋಗಬೇಕೇ’ ಎಂಬ ಮೂರು ಮಾತನ್ನು ಮಗಳ ದನಿಯಲ್ಲೇ ಧ್ವನಿಮುದ್ರಿಸಿ ಆ ಹುಡುಗಿಯ ಫೋನಿಗೆ ಹಾಕಿಕೊಡಬಹುದು.

ಈಗ ಮೂವರಿಗೆ ಮೂರು ಕೋರಿಕೆ. ತಂದೆತಾಯಿಯನ್ನು ಆಶ್ರಮಕ್ಕೆ ಸೇರಿಸುವ ಮಕ್ಕಳು ಕ್ಯಾಮೆರಾ ಎಷ್ಟಿವೆ ಎಂದು ಕೇಳುವ ಮೊದಲು ರಾತ್ರಿ ಪಾಳಿಗೆ ಎಷ್ಟು ಜನ ಎಂದು ಕೇಳಿ. ಆಮೇಲೆ ಅವರ ಸಂಬಳ ಎಷ್ಟು ಎಂದು ಕೇಳಿ. ಟ್ರಸ್ಟಿಗಳು ಯಾವ ಸಾಫ್ಟ್‌ವೇರ್ ಕೊಳ್ಳುವುದಿದ್ದರೂ ಮಾರಾಟದವರನ್ನು ಆಫೀಸ್ ಕೋಣೆಯಲ್ಲಿ ಕೂರಿಸದೆ ಆಯಾಳ ಕೈಗೆ ಫೋನ್ ಕೊಟ್ಟು ಒಂದು ವಾರ ಬಿಡಿ. ಅವಳು ಬೇಡ ಎಂದರೆ ಕೊಳ್ಳಬೇಡಿ. ಈ ಕಾಲೇಜಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳೇ, ನಿಮ್ಮ ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದೀರಿ. ಹತ್ತಿರದ ಆಶ್ರಮಕ್ಕೆ ಹೋಗಿ, ಅಲ್ಲಿರುವ ಹಿರಿಯರ ಒಪ್ಪಿಗೆ ಕೇಳಿ, ಒಂದು ರಾತ್ರಿ ಪಾಳಿ ಪೂರ್ತಿ ಆಯಾಳ ಜೊತೆ ಇದ್ದು ನೋಡಿ. ಲ್ಯಾಪ್‌ಟಾಪ್ ಮನೆಯಲ್ಲಿಟ್ಟು ಹೋಗಿ, ಮಗ್ಗುಲು ಬದಲಿಸಲು ಅವಳಿಗೆ ಇನ್ನೆರಡು ಕೈ ಬೇಕಾಗುತ್ತದೆ.